ಬಾತಿಯ ನಾಗಕ್ಕ ಸೊಸೆಯನ್ನು ಕಳಿಸಿಕೊಟ್ಟದ್ದು

ನಾಗಕ್ಕನ ಪರಿಚಯ ನನಗಾದದ್ದು ಗೋಡಂಬಿಯಿಂದ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ನನ್ನ ಮನೆಯಲ್ಲಿ ಮದುವೆ, ಸೀಮಂತ, ಗೃಹಪ್ರವೇಶಗಳಿಗೆ ಉಂಡೆ, ಕರ್ಜಿಕಾಯಿ ಮಾಡಿಕೊಡುವುದು ನನ್ನ ಕಸುಬು. ಅದಕ್ಕೆ ಬೇಕಾದ ಗೋಡಂಬಿಯನ್ನು ಮಂಡಿಪೇಟೆಯ ಅಂಗಡಿಯಿಂದ ತರಿಸುತ್ತಿದ್ದೆ. ಒಂದು ಬೆಳಿಗ್ಗೆ ಐವತ್ತು ದಾಟಿದ ಹೆಂಗಸೊಬ್ಬಳು ಸ್ಟೀಲ್ ಡಬ್ಬಿ ಹಿಡಿದು ಗೇಟಿನ ಹತ್ತಿರ ನಿಂತಿದ್ದಳು. ಹಿಂದೆ ಹಸಿರು ಸೀರೆಯ ಎಳೇ ಹೆಂಗಸು, ಅವಳ ಸೊಂಟದ ಮೇಲೆ ಒಂದು ಕೂಸು.

"ನಮ್ಮ ಗುಡ್ಡದ್ದು ರೀ ಅಕ್ಕಾರೆ. ಬಾಯಾಗ ಹಾಕ್ಕಂಡು ನೋಡ್ರಿ. ಸೇರಿದ್ರೆ ತಗಳ್ರಿ, ಇಲ್ಲಾಂದ್ರೆ ಬ್ಯಾಡ."

ಹಾಕಿಕೊಂಡು ನೋಡಿದೆ. ಹಾಲಿನ ರುಚಿ ಇನ್ನೂ ಹೋಗಿರಲಿಲ್ಲ. ಡಬ್ಬಿ ಮುಂದೆ ಚಾಚಿದ ಆ ಕೈಗಳು ಮಾತ್ರ ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಕಪ್ಪಗೆ ಸುಟ್ಟ ಹಾಗಿದ್ದವು. ಗೋಡಂಬಿ ಸಿಪ್ಪೆಯಲ್ಲಿ ಎಣ್ಣೆಯಂಥ ಸೊನೆ ಇರುತ್ತದೆ, ಅದು ತಾಗಿದ ಚರ್ಮ ಸುಲಿದುಹೋಗುತ್ತದೆ ಎಂದು ಅವಳೇ ಹೇಳಿದಳು. ಅಂದಿನಿಂದ ನಾನು ಮಂಡಿಪೇಟೆಗೆ ಹೋಗಲಿಲ್ಲ.

ಬಾತಿ ಇರುವುದು ದಾವಣಗೆರೆಗೂ ಹರಿಹರಕ್ಕೂ ನಡುವೆ, ಪಿ.ಬಿ. ರಸ್ತೆಯ ಮಗ್ಗುಲಲ್ಲಿ. ಊರ ಕೆಳಗೆ ನೀರಿನ ಭೂಮಿ, ಭತ್ತ. ಮೇಲೆ ಗುಡ್ಡದ ಬದಿ, ಬರೀ ಗರಸು ಮತ್ತು ಬಂಡೆ. ನಾಗಕ್ಕನ ಗಂಡ ಜಂಬಯ್ಯ ಜ್ವರ ಬಂದು ತೀರಿಕೊಂಡಾಗ ಮಗ ನಿಂಗರಾಜು ಇನ್ನೂ ಅಂಗಳದಲ್ಲಿ ಗೋಲಿ ಆಡುವ ವಯಸ್ಸಿನವನು. ಆಮೇಲೆ ಮನೆ ಪಾಲಾದಾಗ ಮೈದುನ ಸಣ್ಣತಿಮ್ಮಪ್ಪನಿಗೆ ಗದ್ದೆ ಹೋಯಿತು, ವಿಧವೆಗೂ ಮಗುವಿಗೂ ಗುಡ್ಡದ ಬದಿ ಬಂತು. ಅದನ್ನು ಪಾಲು ಎಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕುರಿ ಸಹ ಅಲ್ಲಿಗೆ ಮಳೆಗಾಲದಲ್ಲಷ್ಟೇ ಹೋಗುತ್ತಿದ್ದವು. ನಾಗಕ್ಕ ಬೇರೆಯವರ ಗದ್ದೆಯಲ್ಲಿ ನಾಟಿ ಹಚ್ಚಿ, ಕಳೆ ತೆಗೆದು ಮಗನನ್ನು ಬೆಳೆಸಿದಳು.

ನಿಂಗರಾಜು ದೊಡ್ಡವನಾಗಿ ಟೆಂಪೊ ಓಡಿಸತೊಡಗಿದ. ಮಂಡಕ್ಕಿ, ಬೂಸಾ ಹೇರಿಕೊಂಡು ಘಟ್ಟ ಇಳಿದು ಕರಾವಳಿಗೆ ಹೋಗುತ್ತಿದ್ದ. ಅಲ್ಲಿಯ ಕಲ್ಲುಗುಡ್ಡಗಳ ತುಂಬ ಗೇರುಮರ ನೋಡಿ ಬಂದವನು ತಾಯಿಗೆ ಹೇಳಿದ: "ಅವ್ವ, ಅಲ್ಲೂ ನಮ್ದರಂಗೇ ಗುಡ್ಡ. ಮಣ್ಣೇ ಇಲ್ಲ. ಅಂಥಾದ್ರಾಗ ಗೋಡಂಬಿ ಬೆಳದಾರೆ. ಅದಕ್ಕ ನಾಲೆ ನೀರು ಬ್ಯಾಡ, ಕಪ್ಪು ಮಣ್ಣು ಬ್ಯಾಡ."

ಮರುವರ್ಷದ ಮಳೆಗಾಲದಲ್ಲಿ ಖಾಲಿ ಟೆಂಪೊ ತುಂಬ ಕಸಿ ಗಿಡ ಹೇರಿಕೊಂಡು ಬಂದ. ಹೊನ್ನಾಳಿ ಕಡೆಯ ಶಾಂತಲಾಳನ್ನು ಮದುವೆಯಾಗಿದ್ದು ಅದೇ ವರ್ಷ. ಹೊಸ ಸೊಸೆಗೆ ಬಂದ ಮೊದಲ ಕೆಲಸವೇ ಗುಡ್ಡದ ಮೇಲೆ ಗುಂಡಿ ತೋಡುವುದು. ನಿಂಗರಾಜು ಹಾರೆಯಿಂದ ಕಲ್ಲು ಮೀಟುತ್ತಿದ್ದ, ಶಾಂತಲಾ ಮಣ್ಣು ಎತ್ತಿ ಹಾಕುತ್ತಿದ್ದಳು, ನಾಗಕ್ಕ ಕೆಳಗಿನಿಂದ ಗೊಬ್ಬರ ಹೊರುತ್ತಿದ್ದಳು. ಬೇಸಿಗೆ ಬಂದಾಗ ಮೂವರೂ ಕೊಡ ಹೊತ್ತು ನೀರು ಹಾಕಿದರು. ಊರಿನವರು ಕೆರೆ ಏರಿಯ ಮೇಲೆ ನಿಂತು ನಗುತ್ತಿದ್ದರು. "ಬಂಡೆಗೆ ನೀರು ಹಾಕ್ತಾರೆ ನೋಡ್ರಲೇ" ಅನ್ನುತ್ತಿದ್ದರು.

ಮೊದಲ ಕಾಯಿ ಬಂದ ಮೇಲೆ ನಗು ನಿಂತಿತು. ಮುಂದಿನ ವರ್ಷ ಇನ್ನೂ ಹೆಚ್ಚು ಬಂತು. ಗಿಡದಲ್ಲೇ ಹಳದಿ, ಕೆಂಪು ಹಣ್ಣು, ಹಣ್ಣಿನ ತುದಿಗೆ ಕಾಯಿ. ಬಿದ್ದದ್ದನ್ನು ಆರಿಸಿ, ಹಣ್ಣಿನಿಂದ ತಿರುವಿ ಬಿಡಿಸಿ, ಬಂಡೆಯ ಮೇಲೆ ಒಣಗಿಸಬೇಕು. ಆಮೇಲೆ ಹಬೆಯಲ್ಲಿ ಬೇಯಿಸಿ, ಒಡೆದು, ಒಳಗಿನ ತೆಳು ಸಿಪ್ಪೆ ತೆಗೆಯಬೇಕು. ಆ ಕೆಲಸಕ್ಕೆ ಊರಿನ ಹೆಂಗಸರು ಬೇಕಾದರು. ಬೇಸಿಗೆಯಲ್ಲಿ ಗದ್ದೆ ಕೆಲಸ ಇಲ್ಲದೆ ದಾವಣಗೆರೆಗೆ ಹೋಗಿ ಮನೆ ಕಟ್ಟುವ ಕಡೆ ಜಲ್ಲಿ ಹೊರುತ್ತಿದ್ದವರು ಈಗ ನಾಗಕ್ಕನ ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಕುಳಿತು ಗೋಡಂಬಿ ಒಡೆದರು. ಗುಡ್ಡದ ಬದಿ ಪಾಲಿಗೆ ಬಂದಿದ್ದ ಇನ್ನಿಬ್ಬರೂ ಗಿಡ ಹಾಕಿದರು. ಬೇಡದ ಭೂಮಿಗೆ ಬೆಲೆ ಬಂತು. ನಾಗಕ್ಕನನ್ನು ಊರಿನವರು ಕರೆದು ಮಾತಾಡಿಸುವಂತಾಯಿತು. ಆ ಹೊತ್ತಿಗೆ ಮನೆಯಲ್ಲಿ ಮೊಮ್ಮಗಳು ರಶ್ಮಿತಾ ತೆವಳುತ್ತಿದ್ದಳು.

ಅವರು ನನ್ನ ಗೇಟಿಗೆ ಬಂದದ್ದು ಆ ದಿನಗಳಲ್ಲೇ. ಮೂರನೆಯ ಸುಗ್ಗಿಯಲ್ಲಿ ನಿಂಗರಾಜು ಹೋದ.

ಅದು ಮೇ ತಿಂಗಳ ಒಂದು ಮಧ್ಯಾಹ್ನ. ಹರಿಹರದ ಕಡೆಯಿಂದ ಮೋಡ ಕಟ್ಟಿತು. ಗುಡ್ಡದ ಮೇಲೆ ಕಾಯಿ ಆರಿಸುತ್ತಿದ್ದ ಹೆಂಗಸರನ್ನೆಲ್ಲ ಶಾಂತಲಾಳ ಜೊತೆ ಇಳಿಯಲು ಹೇಳಿ, ಬಂಡೆಯ ಮೇಲೆ ಒಣಗಲು ಹರಡಿದ್ದ ಕಾಯಿಗೆ ತಾಡಪಾಲು ಹೊದಿಸಿ ಬರುತ್ತೇನೆಂದು ಅವನು ಅಲ್ಲೇ ಉಳಿದ. ನಾಗಕ್ಕ ಕೆಳಗೆ ಶೆಡ್ಡಿನಲ್ಲಿ ಕಾಯಿ ಬೇಯಿಸುತ್ತಿದ್ದಳು. ಕಿವಿ ಗಡಚಿಕ್ಕುವಂತೆ ಸಿಡಿಲು ಹೊಡೆಯಿತು. "ಎಲ್ಲೋ ಹತ್ರಾನೇ ಬಡೀತು ನೋಡು" ಎಂದು ಪಕ್ಕದವಳಿಗೆ ಹೇಳಿ, ಅವಳು ಡ್ರಮ್ಮಿಗೆ ಇನ್ನೊಂದು ಕೊಡ ನೀರು ಸುರಿದಳು. ಅರ್ಧ ದಾರಿ ಇಳಿದಿದ್ದ ಶಾಂತಲಾ ತಿರುಗಿ ಮೇಲೆ ಓಡಿದ್ದು ಅವಳಿಗೆ ಗೊತ್ತಾದದ್ದು ಆಮೇಲೆ.

"ಅಷ್ಟು ಹೊತ್ತು ನಾ ನೀರು ಹಾಕ್ತಾ ಇದ್ದೆ ಅಕ್ಕಾರೆ," ಎಂದು ನಾಗಕ್ಕ ನನಗೆ ಎಷ್ಟೋ ಸಲ ಹೇಳಿದ್ದಾಳೆ. "ಬೆಂಕಿ ಮುಂದ ಮಾಡ್ತಾ ಇದ್ದೆ. ಮಗ ಮ್ಯಾಲೆ ಬಿದ್ದಿದ್ದ. ಹೆತ್ತ ಹೊಟ್ಟೆಗೆ ಒಂದೀಟಾದ್ರೂ ಗೊತ್ತಾಗ್ಬಾರ್ದೇನು?"

ಮಣ್ಣು ಮಾಡಿದರು. ತಿಥಿಯಾಯಿತು. ನೆಂಟರು ಬಂದರು, ಹೋದರು. ಅತ್ತೆ ಒಂದು ಮೂಲೆ, ಸೊಸೆ ಒಂದು ಮೂಲೆ. ಗುಡ್ಡದ ಮೇಲೆ ಹಣ್ಣು ಉದುರಿ, ಮಳೆಗೆ ಕೊಳೆತು, ಅದರ ಹುಳಿ ವಾಸನೆ ಊರೊಳಗೆಲ್ಲ ಬರುತ್ತಿತ್ತು. ಕೊನೆಗೆ ಹೆಂಗಸರೇ ಬಾಗಿಲಿಗೆ ಬಂದರು. "ನಾಗಕ್ಕ, ಕಾಯಿ ಮೊಳಕೆ ಒಡೀತಾವೆ. ಏನ್ ಮಾಡಣ ಹೇಳು." ನಾಗಕ್ಕ ಗೋಡೆಯ ಕಡೆ ತಿರುಗಿಕೊಂಡಳು. ಎದ್ದದ್ದು ಶಾಂತಲಾ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಗುಡ್ಡದ ದಾರಿ ಹಿಡಿದಳು. ಸ್ವಲ್ಪ ಹೊತ್ತಿಗೆ ನಾಗಕ್ಕ ಮೊಮ್ಮಗಳನ್ನೆತ್ತಿಕೊಂಡು ಹಿಂದೆ ಹೋದಳು.

ಆಮೇಲೆ ಅವರಿಬ್ಬರನ್ನು ಬೇರೆ ಬೇರೆಯಾಗಿ ನಾನು ನೋಡಿದ್ದೇ ಕಡಿಮೆ. ಶಾಂತಲಾಳಿಗೆ ತೌರು ಅಂತ ಇದ್ದದ್ದು ಹೆಸರಿಗೆ. ತಾಯಿ ಇಲ್ಲ, ಅಪ್ಪ ಬೇರೆ ಸಂಸಾರ ಮಾಡಿಕೊಂಡಿದ್ದ. ಅವಳು ನಾಗಕ್ಕನಿಗೆ ಮಗಳಾದಳು. ಇಡೀ ಗೋಡಂಬಿ, ಹೋಳು, ಚೂರು ಎಂದು ಬೇರೆ ಮಾಡಿ ಚೀಲ ಕಟ್ಟುವುದನ್ನು ಕಲಿತಳು, ದಾವಣಗೆರೆಯ ಸ್ವೀಟ್ ಅಂಗಡಿಗಳಿಗೆ ತಾನೇ ಹೋಗಿ ಮಾತಾಡಿ ಬಂದಳು. ಮನೆಯಲ್ಲಿ ಮಗುವನ್ನು ನಡುವೆ ಹಾಕಿಕೊಂಡು ಅತ್ತೆ ಸೊಸೆ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದರು. ರಶ್ಮಿತಾ ಅಜ್ಜಿಯನ್ನೇ "ಅವ್ವ" ಅನ್ನುತ್ತಿದ್ದಳು, ತಾಯಿಯನ್ನು "ಶಾಂತಿ" ಎಂದು ಹೆಸರು ಹಿಡಿದು ಕರೆಯುತ್ತಿದ್ದಳು. ಇಬ್ಬರೂ ಅದಕ್ಕೆ ನಗುತ್ತಿದ್ದರು.

ಹೀಗೆ ವರ್ಷಗಳಾದವು. ಬೇಡಿಕೆ ಹೆಚ್ಚಿತೆಂದು ಗೋಡಂಬಿ ಒಣಗಿಸಲು ಮೋಟಾರು ಫ್ಯಾನಿನ ಒಂದು ಪೆಟ್ಟಿಗೆ ತಂದರು. ಅದು ಪದೇ ಪದೇ ಕೈಕೊಡುತ್ತಿತ್ತು. ರಿಪೇರಿಗೆ ಹರಿಹರದಿಂದ ಸಂತೋಷ ಎಂಬವನು ಬರುತ್ತಿದ್ದ. ಮೋಟಾರು ಕಾಯಿಲ್ ಕಟ್ಟುವ ಅಂಗಡಿ ಇಟ್ಟುಕೊಂಡಿದ್ದ, ಮದುವೆಯಾಗಿ ವರ್ಷದೊಳಗೆ ಹೆಂಡತಿಯನ್ನು ಕಳೆದುಕೊಂಡವನು. ಮಾತು ಕಮ್ಮಿ. ಕೆಲಸ ಮುಗಿಸಿ ಚಹಾ ಕುಡಿದು ಹೋಗುವವನು.

ಒಂದು ದಿನ ನಾಗಕ್ಕ ಗುಡ್ಡದಿಂದ ಇಳಿದು ಬರುವಾಗ ಶೆಡ್ಡಿನಿಂದ ನಗು ಕೇಳಿಸಿತು. ಯಾರದೆಂದು ತಕ್ಷಣ ಗೊತ್ತಾಗಲಿಲ್ಲ. ಒಳಗೆ ಬಂದು ನೋಡಿದರೆ ಸಂತೋಷ ಸ್ಕ್ರೂ ಬಿಚ್ಚುತ್ತಾ ಏನೋ ಹೇಳುತ್ತಿದ್ದ, ಶಾಂತಲಾ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಅತ್ತೆಯನ್ನು ಕಂಡದ್ದೇ ನಗು ನಿಂತಿತು.

"ಆ ನಗು ಕೇಳಿ ನನ್ನ ಎದಿಯಾಗ ಕೆಂಡ ಹಾಕ್ದಂಗಾತು," ಎಂದಳು ನಾಗಕ್ಕ ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು. "ನನ್ನ ಮಗ ಮಣ್ಣಾಗ ಮಲಗ್ಯಾನೆ. ಇವ್ಳು ನಗ್ತಾಳಲ್ಲ ಅಂತ."

"ವಯಸ್ಸಿನ ಹುಡುಗಿ ನಾಗಕ್ಕ," ಎಂದೆ.

"ನಿಮಗೆ ಹೇಳೋದು ಸಲೀಸು ಬಿಡ್ರಿ."

ಮುಂದಿನ ಸಲ ಪೆಟ್ಟಿಗೆ ಕೆಟ್ಟಾಗ ಅವಳು ಸಂತೋಷನನ್ನು ಕರೆಸಲಿಲ್ಲ. ಆಟೊದಲ್ಲಿ ಹಾಕಿಸಿಕೊಂಡು ದಾವಣಗೆರೆಯ ನಿಟ್ಟುವಳ್ಳಿಯ ಒಂದು ಅಂಗಡಿಗೆ ಒಯ್ದಳು. ಶಾಂತಲಾ ಯಾಕೆಂದು ಕೇಳಲಿಲ್ಲ. ಕೇಳದೆ ಇದ್ದದ್ದೇ ನಾಗಕ್ಕನಿಗೆ ಉತ್ತರವಾಯಿತು. ಮನೆಯಲ್ಲಿ ಮಾತು ಬತ್ತಿತು. ಸೊಸೆ ಹೇಳಿದ ಕೆಲಸ ಮಾಡುತ್ತಿದ್ದಳು, ಬಡಿಸಿದರೆ ಉಣ್ಣುತ್ತಿದ್ದಳು. ಒಂದು ಸಂಜೆ ಅವಳು ಮಗುವಿಗೆ ತಲೆ ಬಾಚುತ್ತಾ, ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟು, ಎಲ್ಲಿಯೋ ನೋಡುತ್ತಾ ಕುಳಿತುಬಿಟ್ಟದ್ದನ್ನು ನಾಗಕ್ಕ ಕಂಡಳು. ಮಗು "ಶಾಂತಿ, ಶಾಂತಿ" ಎಂದು ಭುಜ ಅಲುಗಾಡಿಸಿದರೂ ಅವಳಿಗೆ ಕೇಳಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ನಾಗಕ್ಕ ಒಬ್ಬಳೇ ನಮ್ಮ ಮನೆಗೆ ಬಂದಳು. ಗೋಡಂಬಿ ತಂದಿರಲಿಲ್ಲ. ನೀರು ಕುಡಿದು, ಲೋಟ ಕೆಳಗಿಟ್ಟು ಹೇಳಿದಳು:

"ನನ್ನನ್ನೂ ಒಬ್ರು ಕೇಳಿದ್ರು ಅಕ್ಕಾರೆ. ಜಂಬಯ್ಯ ಹೋಗಿ ಎರಡು ವರ್ಷಕ್ಕ. ಹರಿಹರದ ಕಡೆಯವ್ರು, ಬೇಸಾಯದ ಮನಿ. ಒಳ್ಳೆ ಮನುಷ್ಯ. ನಂಗೂ ಮನಸ್ಸಿತ್ತು, ಸುಳ್ಳು ಯಾಕ ಹೇಳ್ಲಿ. ನಮ್ಮತ್ತಿ ಏನಂದ್ಲು ಗೊತ್ತಾ? 'ಹೋಗಾದಿದ್ರೆ ಹೋಗವ್ವ, ಬ್ಯಾಡ ಅನ್ನಲ್ಲ. ಆದ್ರ ನಿಂಗರಾಜು ನಮ್ಮ ಮನಿ ಕುಡಿ. ಅವ್ನು ಇಲ್ಲೇ ಇರ್ತಾನೆ.' ಅಷ್ಟೇ ಅಂದಿದ್ದು. ಬೈಲಿಲ್ಲ, ಹೊಡೀಲಿಲ್ಲ. ಹುಡುಗನ್ನ ತೊಡಿ ಮ್ಯಾಲೆ ಕೂರಿಸ್ಕಂಡು ಅಂದ್ಲು. ನಾ ಹೆಂಗೆ ಹೋಗ್ಲಿ?"

ನಾನು ಅವಳ ಲೋಟಕ್ಕೆ ಇನ್ನಷ್ಟು ನೀರು ಹಾಕಿದೆ.

"ಈಗ ಸಂತೋಷನ ಮಾತು ಊರಾಗ ಹಬ್ಬಿ, ನಮ್ಮ ಮೈದ್ನ ಬಂದು ನಂಗೆ ಅದೇ ಮಾತು ಹೇಳಿಕೊಡ್ತಾನೆ. ಸೊಸಿ ಹೋಗ್ಲಿ, ಕೂಸು ಬಿಡಬ್ಯಾಡ ಅತ್ತಿಗಿ ಅಂತಾನೆ. ಕೂಸು ಇಟ್ಕಂಡ್ರೆ ಶಾಂತಿ ಹೋಗಲ್ಲ ಅಂತ ಅವಂಗೂ ಗೊತ್ತು, ನಂಗೂ ಗೊತ್ತು."

ಮರುದಿನ ಅವಳು ಬಸ್ಸು ಹತ್ತಿ ಹರಿಹರಕ್ಕೆ ಹೋದಳು. ಸಂತೋಷನ ಅಂಗಡಿ ಹುಡುಕಿ, ಬಾಗಿಲಲ್ಲಿ ನಿಂತು, ಸುತ್ತು ಬಳಸದೆ ಕೇಳಿದಳು: "ನಮ್ಮ ಶಾಂತಿನ ಮದುವಿ ಆಗ್ತೀಯೇನಪ್ಪ?" ಅವನು ಕೈಯಲ್ಲಿದ್ದ ತಾಮ್ರದ ತಂತಿ ಕೆಳಗಿಟ್ಟು ಎದ್ದು ನಿಂತ. "ಆಗ್ತೀನಿ ದೊಡ್ಡಮ್ಮ. ನಿಮ್ಮನ್ನ ಕೇಳಾಕ ಧೈರ್ಯ ಇರ್ಲಿಲ್ಲ." "ಕೂಸು ಜೊತೀಗೆ ಬರ್ತೈತೆ. ಅದ್ಕೆ ನಿಮ್ಮವ್ವ ಒಪ್ಪಬೇಕು." ಅವನ ತಾಯಿ ಒಪ್ಪಲು ಸಮಯ ಹಿಡಿಯಿತು. ನಾಗಕ್ಕ ಎರಡು ಸಲ ಹೋಗಿ ಆಕೆಯ ಎದುರು ಕುಳಿತು ಬಂದಳು.

ಶಾಂತಲಾಳಿಗೆ ವಿಷಯ ತಿಳಿದ ದಿನ ಅವಳು ಅತ್ತೆಯ ಕಾಲು ಹಿಡಿದುಕೊಂಡು ಅತ್ತಳಂತೆ. "ನಾ ಎಲ್ಲೂ ಹೋಗಲ್ಲ ಅತ್ತಿ. ನಿಮಗೆ ಯಾರದಾರೆ?"

"ಗುಡ್ಡ ಐತೆ, ಶೆಡ್ಡಿನ ಹೆಣ್ಮಕ್ಕಳದಾರೆ. ಮ್ಯಾಲೇಳು."

"ಹಂಗಾರೆ ಕೂಸು ಇಲ್ಲೇ ಇರ್ಲಿ. ನಿಮ್ಮನ್ನ ಬಿಟ್ಟು ಅದು ಮಲಗಲ್ಲ."

"ಆ ಮಾತು ಆಡಬ್ಯಾಡ," ಎಂದಳು ನಾಗಕ್ಕ. "ಇನ್ನೊಂದು ಸಲ ಆಡಿದ್ರೆ ನಾ ಹೂಂ ಅಂದುಬಿಡ್ತೀನಿ. ಆಡಬ್ಯಾಡ."

ಮಳೆಗಾಲ ಶುರುವಾಗಿ, ಆ ವರ್ಷದ ಗೋಡಂಬಿ ಕೆಲಸ ಮುಗಿದ ಮೇಲೆ ಹರಿಹರದ ದೇವಸ್ಥಾನದಲ್ಲಿ ಮದುವೆಯಾಯಿತು. ಸಣ್ಣತಿಮ್ಮಪ್ಪ ಬರಲಿಲ್ಲ. ಶೆಡ್ಡಿನ ಹೆಂಗಸರು ಬಂದಿದ್ದರು. ಉಂಡೆ ನಾನು ಮಾಡಿಕೊಂಡು ಹೋಗಿದ್ದೆ. ಧಾರೆ ಎರೆಯಲು ಹುಡುಗಿಯ ಕಡೆಯವರು ಯಾರೆಂದು ಪೂಜಾರಿ ಕೇಳಿದಾಗ ನಾಗಕ್ಕ ಮುಂದೆ ಬಂದಳು. ವಿಧವೆ ಎಂದು ಯಾರೋ ಹಿಂದೆ ಗೊಣಗಿದರು. ಸಂತೋಷ ತಿರುಗಿ ನೋಡಿದ, ಗೊಣಗು ನಿಂತಿತು. ಕಪ್ಪುಗಟ್ಟಿದ ಆ ಕೈಯಿಂದ ಅವಳು ಧಾರೆಯ ನೀರು ಬಿಟ್ಟಳು.

ಹೊರಡುವಾಗ ಶಾಂತಲಾ ನಾಗಕ್ಕನನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು, ಬಿಡಿಸಬೇಕಾಯಿತು. ರಶ್ಮಿತಾ ಮಾತ್ರ ಹೊಸ ಫ್ರಾಕು ಹಾಕಿಕೊಂಡು ಖುಷಿಯಲ್ಲಿದ್ದಳು. ಸಂತೋಷನ ಮನೆಗೆ ಮಹಡಿ ಇದೆ, ಮಹಡಿಯಿಂದ ಹೊಳೆ ಕಾಣುತ್ತದೆ ಎಂದು ಯಾರೋ ಹೇಳಿದ್ದರು. ಆಟೊ ಹತ್ತಿದವಳು ಒಂದು ಸಲವೂ ಹಿಂತಿರುಗಿ ನೋಡಲಿಲ್ಲ. ಮಕ್ಕಳು ಹಾಗೆಯೇ. ಆದರೆ ನಾಗಕ್ಕ ಆಟೊ ಮರೆಯಾದ ಮೇಲೂ ಕೈ ಎತ್ತಿಕೊಂಡೇ ನಿಂತಿದ್ದಳು. ನಾನು ಹೋಗಿ ಆ ಕೈಯನ್ನು ಇಳಿಸಿದೆ.

ಮೊದಮೊದಲು ಅವರು ಭಾನುವಾರಕ್ಕೊಮ್ಮೆ ಬರುತ್ತಿದ್ದರು. ಸಂತೋಷ ಪೆಟ್ಟಿಗೆಯ ಮೋಟಾರು ನೋಡುತ್ತಿದ್ದ, ಶಾಂತಲಾ ಅಂಗಡಿಗಳಿಗೆ ಫೋನು ಮಾಡಿಕೊಡುತ್ತಿದ್ದಳು. ಆಮೇಲೆ ಮಗುವಿಗೆ ಶಾಲೆ, ಟ್ಯೂಷನ್ ಬಂತು. ಆಮೇಲೆ ಶಾಂತಲಾ ಬಸುರಿಯಾದಳು. ಬಸ್ಸಿನ ಕುಲುಕಾಟ ಬೇಡ, ಗೋಡಂಬಿಯ ಹೊಗೆ ಬೇಡ ಎಂದು ಸಂತೋಷನ ತಾಯಿ ತಡೆದಳು. ತಡೆದದ್ದು ತಪ್ಪೂ ಅಲ್ಲ. ಮುಂದಿನ ಸುಗ್ಗಿಗೆ ನಾಗಕ್ಕ ಒಬ್ಬಳೇ ಹೆಂಗಸರನ್ನು ಕಟ್ಟಿಕೊಂಡು ಗುಡ್ಡ ಹತ್ತಿದಳು. ಆ ವರ್ಷ ಫಸಲು ಎಂದಿಗಿಂತ ಚೆನ್ನಾಗಿತ್ತು.

ಮೊದಲ ಗೋಡಂಬಿ ಹುರಿದು, ಉಪ್ಪು ಖಾರ ಹಾಕಿ, ಡಬ್ಬಿಯಲ್ಲಿ ತುಂಬಿಕೊಂಡು ಅವಳು ಹರಿಹರಕ್ಕೆ ಹೋದಳು. ರಶ್ಮಿತಾ ಬೀದಿಯಲ್ಲಿ ಗೆಳತಿಯರ ಜೊತೆ ಆಡುತ್ತಿದ್ದಳು. ನಾಗಕ್ಕನನ್ನು ಕಂಡು ಓಡಿ ಬಂದಳು, ಡಬ್ಬಿ ಇಸಿದುಕೊಂಡಳು. ಗೆಳತಿಯೊಬ್ಬಳು ಯಾರು ಇವರು ಎಂದು ಕೇಳಿದಳು.

"ಇವ್ರು ಬಾತಿ ಅಜ್ಜಿ," ಎಂದಿತು ಮಗು. ಒಳಗೆ ತಿರುಗಿ ಕೂಗಿತು: "ಅವ್ವಾ, ಬಾತಿ ಅಜ್ಜಿ ಬಂದಾರೆ!"

ಬಾಗಿಲಿಗೆ ಬಂದದ್ದು ಸಂತೋಷನ ತಾಯಿ. "ಬರ್ರಿ, ಕೂಡ್ರಿ" ಎಂದು ಮರ್ಯಾದೆಯಿಂದ ಒಳಗೆ ಕರೆದಳು.

ಇದನ್ನು ಹೇಳುವಾಗ ನಾಗಕ್ಕ ನಕ್ಕಳು. "ಕೂಸಿಂದೇನ್ ತಪ್ಪು ಹೇಳ್ರಿ. ಯಾರು ಉಣ್ಣಿಸ್ತಾರೋ ಅವ್ರು ಅವ್ವ. ನಾನೂ ಶಾಂತಿ ಕೈಯಿಂದ ಹಂಗೇ ಕಸ್ಕಂಡಿದ್ದೆ ಆ ಹೆಸರನ್ನ." ನಗುತ್ತಲೇ ಇದ್ದವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಭುಜ ಅದುರುತ್ತಿದ್ದವು. ನನ್ನ ಬಾಣಲೆಯಲ್ಲಿ ತುಪ್ಪ ಹೊಗೆಯಾಡುತ್ತಿತ್ತು. ಒಲೆ ಆರಿಸಿ ಅವಳ ಪಕ್ಕದಲ್ಲಿ ಕುಳಿತೆ.

"ಒಳ್ಳೇದ್ ಮಾಡ್ದೆ ಅಂತ ಎಲ್ಲಾರೂ ಅಂತಾರೆ," ಎಂದಳು. "ನಂಗೂ ಗೊತ್ತೈತೆ ಒಳ್ಳೇದು ಅಂತ. ಗೊತ್ತಿದ್ರೇನು, ರಾತ್ರಿ ಚಾಪಿ ಮ್ಯಾಲೆ ಕೈ ಆಡಿಸಿದ್ರೆ ಕೂಸು ಇಲ್ಲ."

ಮಳೆಗಾಲದಲ್ಲಿ ಶಾಂತಲಾಳಿಗೆ ಗಂಡು ಮಗುವಾಯಿತು. ದಾವಣಗೆರೆಯ ಆಸ್ಪತ್ರೆಗೆ ನಾವಿಬ್ಬರೂ ನೋಡಲು ಹೋದೆವು. ಶಾಂತಲಾ ಮಲಗಿದ್ದಲ್ಲಿಂದಲೇ ಕೈ ಚಾಚಿದಳು, "ಅತ್ತಿ" ಎಂದಳು. ಪಕ್ಕದಲ್ಲಿ ಈಗಿನ ಅತ್ತೆ ಇದ್ದುದರಿಂದ ಆ ಕರೆ ಯಾರಿಗೆಂದು ಒಂದು ಗಳಿಗೆ ಮೂವರಿಗೂ ಗೊಂದಲವಾಯಿತು. ನಾಗಕ್ಕನೇ ಸರಿದು, ಸಂತೋಷನ ತಾಯಿಗೆ ಜಾಗ ಬಿಟ್ಟಳು. ಕೂಸನ್ನು ಸ್ವಲ್ಪ ಹೊತ್ತು ಎತ್ತಿಕೊಂಡಿದ್ದಳು. ತನ್ನ ಒರಟು ಬೆರಳು ತಾಗದಂತೆ ಸೆರಗಿನಲ್ಲಿ ಹಿಡಿದಿದ್ದಳು. ಹಾಲು ಕುಡಿಸುವ ಹೊತ್ತಾಯಿತೆಂದು ಸಂತೋಷನ ತಾಯಿ ತೆಗೆದುಕೊಂಡಳು.

ಹೊರಗೆ ಸಣ್ಣಗೆ ಹನಿಯುತ್ತಿತ್ತು. ಬಸ್ ನಿಲ್ದಾಣದವರೆಗೆ ನಡೆದೆವು. ಹರಿಹರದ ಬಸ್ಸು ಬಂತು. ಅದೇ ಬಾತಿಯಲ್ಲಿ ನಿಲ್ಲುವ ಬಸ್ಸು. ಹತ್ತಿ ಕಿಟಕಿಯ ಹತ್ತಿರ ಕುಳಿತು, ನನ್ನ ಕಡೆ ಬಾಗಿ, "ಶ್ರಾವಣಕ್ಕ ಉಂಡಿ ಆರ್ಡರ್ ಬರ್ತಾವಲ್ರಿ, ಹೋಳು ಎಷ್ಟು ಕಳಿಸ್ಲಿ ಹೇಳ್ರಿ" ಎಂದಳು. ನಾನು ಹೇಳುವಷ್ಟರಲ್ಲಿ ಮುಖ ಆ ಕಡೆ ತಿರುಗಿಸಿಕೊಂಡಿದ್ದಳು. ಬಸ್ಸು ಹೊರಟಿತು. ಎಷ್ಟೆಂದು ಆಮೇಲೆ ಫೋನಿನಲ್ಲಿ ಹೇಳಿದೆ.